ಎಂಜಿನ್ನಿಗೆ ತಕ್ಕ ವಿಮಾನ

ಆಟದ ವಿಮಾನದ ಅಂಗಡಿಯ ಮುದುಕ ಬಟ್ಟೆಯ ಗಂಟು ಬಿಚ್ಚಿ ಎಂಜಿನ್ನನ್ನು ಅಂಗೈ ಮೇಲಿಟ್ಟುಕೊಂಡು ಮೂಸಿ ನೋಡಿದಾಗ, ಕೌಂಟರಿನ ಈಚೆ ನಿಂತಿದ್ದ ಅವನಿಗೆ ತನ್ನನ್ನೇ ಯಾರೋ ಮೂಸಿದಷ್ಟು ಮುಜುಗರವಾಯಿತು. ಹೆಬ್ಬೆರಳಿಗಿಂತ ತುಸು ದಪ್ಪಗಿದ್ದ ಆ ಎಂಜಿನ್ನು ಬೆಳಗಿನಿಂದ ಅವನ ಪ್ಯಾಂಟಿನ ಜೇಬಿನಲ್ಲಿ ಹರಳೆಣ್ಣೆ ಒಸರಿಕೊಂಡು ತೊಡೆಯ ಮೇಲೆ ಕಲೆ ಮಾಡಿತ್ತು. ಬಸ್ಸಿನಲ್ಲಿ ಪಕ್ಕದ ಹೆಂಗಸು ಆ ಕಲೆಯನ್ನು ನೋಡಿ, ಅವನ ಮುಖವನ್ನೂ ನೋಡಿ, ಕಿಟಕಿಯ ಕಡೆ ಸರಿದು ಕೂತಿದ್ದಳು. ಇದು ನನ್ನದಲ್ಲಮ್ಮ, ನನ್ನ ಹೆಂಡತಿಯ ತಮ್ಮನದು ಎಂದು ಹೇಳುವುದು ಹೇಗೆ? ಹೇಳಿದರೆ ಇನ್ನೂ ಕೆಟ್ಟದಾಗಿ ಕೇಳಿಸುತ್ತಿತ್ತು. ಈ ಭಾಮೈದನ ಕಲೆಗಳನ್ನೆಲ್ಲ ತಾನು ಮೈಮೇಲೆ ಹೊತ್ತು ತಿರುಗುವುದು ಮದುವೆಯಾದಾಗಿನಿಂದಲೂ ನಡೆದೇ ಇದೆ ಅನ್ನಿಸಿ ಅವನು ಕರವಸ್ತ್ರದಿಂದ ತೊಡೆಯನ್ನು ಉಜ್ಜಿದ. ಕಲೆ ಇನ್ನಷ್ಟು ಅಗಲವಾಯಿತು.

“ಇದು ಕ್ಯಾಪ್ಟನ್ ಎಂಜಿನ್ ಅಲ್ವಾ?” ಎಂದ ಮುದುಕ. “ಈ ಸ್ಕ್ರೂ ತಲೆ ನಾನೇ ಉಜ್ಜಿ ಕೊಟ್ಟಿದ್ದು. ಎಲ್ಲಿ, ಅವರು ಈ ಕಡೆ ಬರೋದೇ ಬಿಟ್ಟುಬಿಟ್ರಲ್ಲ?”

“ಹುಷಾರಿಲ್ಲ,” ಎಂದ ಅವನು. ಅಷ್ಟೇ ಹೇಳಬೇಕು ಎಂದು, ಈ ಅಂಗಡಿಯಲ್ಲಿ ಕ್ಯಾಪ್ಟನ್ ಅನ್ನಿಸಿಕೊಳ್ಳುವ ಭಾಮೈದ ಹೇಳಿ ಕಳಿಸಿದ್ದ. ಕಣ್ಣು ಅಂತ ಹೇಳಬೇಡಿ ಭಾವ, ಜ್ವರ ಅನ್ನಿ, ಬೇಕಿದ್ರೆ ಸತ್ತೋದ ಅನ್ನಿ, ಕಣ್ಣು ಅಂತ ಮಾತ್ರ ಅನ್ನಬೇಡಿ. ಹಾಗೆ ಹೇಳುವಾಗಲೂ ನಗುತ್ತಿದ್ದ. ಆ ನಗುವನ್ನು ಕೇಳಿ ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋಗಿದ್ದಳು, ಒಳಗೆ ನಲ್ಲಿ ಸುಮ್ಮನೆ ಸುರಿಯುತ್ತಿತ್ತು. ಭಾಮೈದನಿಗೆ ಲೋಕ ಅಂಚುಗಳಿಂದ ಮುಚ್ಚಿಕೊಳ್ಳುತ್ತ ಬಂದು ಈಗ ಒಂದು ಕೊಳವೆಯ ತುದಿಯಷ್ಟು ಉಳಿದಿತ್ತು, ಅದರಲ್ಲೂ ಮಂಜು. ಕಣ್ಣಿನ ಡಾಕ್ಟರು ಕೊನೆಯ ಸಲ ಏನೂ ಮುಚ್ಚಿಡಲಿಲ್ಲ. ಉಳಿದದ್ದೂ ಹೋಗುತ್ತದೆ, ಬೇಗ ಹೋಗುತ್ತದೆ. ಹೋಗುವುದರೊಳಗೆ ಇನ್ನೊಂದೇ ಒಂದು ಸಲ ವಿಮಾನ ಹಾರಿಸಬೇಕು ಎಂದು ಭಾಮೈದ ಹಿಡಿದು ಕೂತಿದ್ದ. ಇದ್ದ ವಿಮಾನವನ್ನು ಕಾಣದ ದೀಪದ ಕಂಬಕ್ಕೆ ಹೊಡೆದು ಪುಡಿ ಮಾಡಿ ಆಗಿತ್ತು, ಎಂಜಿನ್ನೊಂದೇ ಉಳಿದಿತ್ತು. ಕುರುಡ ಹೇಗೆ ಹಾರಿಸುತ್ತಾನೆ ಎಂದು ಕೇಳಬೇಕೆಂದಿದ್ದ ಅವನು, ನಾಲಿಗೆ ಕಚ್ಚಿಕೊಂಡಿದ್ದ. ಕೇಳದಿದ್ದರೂ ಭಾಮೈದ ಉತ್ತರ ಕೊಟ್ಟ. ಇದು ರೇಡಿಯೋದಲ್ಲಿ ಆಡಿಸೋದಲ್ಲ ಭಾವ, ತಂತಿ ವಿಮಾನ. ನನ್ನ ಕೈಯಲ್ಲಿ ಒಂದು ಹಿಡಿಕೆ, ಆ ಹಿಡಿಯಿಂದ ಎರಡು ತಂತಿ, ಆ ತುದೀಲಿ ವಿಮಾನ. ಅದು ನನ್ನ ಸುತ್ತ ಸುತ್ತತ್ತೆ, ನಾನೂ ಅದರ ಜೊತೆ ಸುತ್ತುತ್ತೀನಿ. ಮಣಿಕಟ್ಟು ಎತ್ತಿದ್ರೆ ಏರತ್ತೆ, ಇಳಿಸಿದ್ರೆ ಇಳಿಯತ್ತೆ. ಕಣ್ಣು ಯಾಕೆ? ಎಳೆತ ಸಾಕು. ಆದ್ರೆ ವಿಮಾನ ಎಂಜಿನ್ನಿಗೆ ಸರಿಹೊಂದಬೇಕು. ನೀವು ಅಳತೆ ಮನುಷ್ಯ ಭಾವ, ನೀವು ತಪ್ಪೋದಿಲ್ಲ.

ಅಳತೆ ಮನುಷ್ಯ. ಅದು ಹೊಗಳಿಕೆಯೋ ಚುಚ್ಚುಮಾತೋ ಎಂದು ಬಸ್ಸಿಳಿಯುವವರೆಗೂ ಅವನಿಗೆ ಗೊತ್ತಾಗಿರಲಿಲ್ಲ. ದಂತವೈದ್ಯೆಯ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಕಟ್ಟುವುದು ಅವನ ಕೆಲಸ. ಯಾರದೋ ಬಾಯಿಯ ಅಚ್ಚಿನಿಂದ ಗಾರೆಯ ದವಡೆ ಎರೆದು, ಅದರ ಮೇಲೆ ಮೇಣ ಕೂರಿಸಿ, ಮೇಣದಲ್ಲಿ ಒಂದೊಂದೇ ಹಲ್ಲು ನೆಡುತ್ತ ಅವನು ಕೂದಲೆಳೆಯಷ್ಟು ಎತ್ತರ ತಗ್ಗಿಗೆ ಇಡೀ ಮಧ್ಯಾಹ್ನ ಕಳೆಯಬಲ್ಲ. ಸೆಟ್ಟು ಎತ್ತರವಾದರೆ ಮನುಷ್ಯನಿಗೆ ಬಾಯಿ ಮುಚ್ಚಲಾಗುವುದಿಲ್ಲ, ತಗ್ಗಾದರೆ ಮುಖವೇ ಕುಸಿದುಹೋಗುತ್ತದೆ. ಅದಕ್ಕೆ ಮನೆಯಲ್ಲಿ ಅವನಿಗೆ ಬಂದ ಹೆಸರು ಹಲ್ಲುಭಾವ. ಆ ಹೆಸರು ಇಟ್ಟವನು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಮುದುಕ ಏಣಿ ಹತ್ತಿ ಚಾವಣಿಗೆ ನೇತುಹಾಕಿದ್ದ ವಿಮಾನಗಳ ನಡುವೆ ಕೈ ಹಾಕಿ ಒಂದನ್ನು ಬಿಚ್ಚಿ ತಂದ. ಎಲ್ಲವೂ ಮುದುಕನೇ ಕೈಯಾರೆ ಕಟ್ಟಿದವು. ಇದು ಪೆಟ್ಟಿಗೆಯ ಹಲಗೆಗೆ ರೆಕ್ಕೆ ಅಂಟಿಸಿದಂತಿತ್ತು. ಚಪ್ಪಟೆ ಮೈ, ಚಪ್ಪಟೆ ರೆಕ್ಕೆ, ಮಾಸಲು ಹಳದಿ ಕಾಗದ. ಮೂತಿಯಲ್ಲಿ ಎಂಜಿನ್ನು ಕೂರಿಸಲು ಎರಡು ಮರದ ಕಡ್ಡಿ. “ನೋಡೋಕೆ ಏನೂ ಇಲ್ಲ, ನಿಜ,” ಎಂದ ಮುದುಕ. “ಆದ್ರೆ ಇದೇ ಇದರ ಜೋಡಿ. ಈ ಎಂಜಿನ್ನಿಗೆ ಶಕ್ತಿ ಅಷ್ಟಕ್ಕಷ್ಟೇ. ಹಗುರ ಮೈ, ಅಗಲ ರೆಕ್ಕೆ ಇದ್ರೆ ಎತ್ತತ್ತೆ, ತಂತೀನ ಬಿಗಿಯಾಗಿ ಎಳೀತಾನೂ ಇರತ್ತೆ. ಭಾರ ಆಯ್ತೋ, ಮುಗೀತು.” ಅವನು ಅದನ್ನು ಕೈಯಲ್ಲಿ ಹಿಡಿದು ನೋಡಿದ. ಏನೂ ಹಿಡಿದಿಲ್ಲ ಅನ್ನುವಷ್ಟು ಹಗುರ. ಆ ಹಗುರತನ ಅವನ ಮೈಯನ್ನು ಜುಮ್ಮೆನ್ನಿಸಿತು. ಇದು ಹಾರುತ್ತದೆ ಎಂದು ಅವನ ಕೈಗೇ ಗೊತ್ತಾಯಿತು. ಬರುವ ರಜಾದಿನ ಇದು ಹಾರುತ್ತದೆ, ಭಾಮೈದ ನಡುವೆ ನಿಂತು ಸುತ್ತುತ್ತ ಕಿರುಚುತ್ತಾನೆ, ಹೆಂಡತಿ ಚಪ್ಪಾಳೆ ತಟ್ಟುತ್ತಾಳೆ, ತಾನು ತಂತಿ ಸುತ್ತುವ ರಾಟೆ ಹಿಡಿದುಕೊಂಡು ಆಚೆ ನಿಂತಿರುತ್ತಾನೆ. ಕಣ್ಣು ಹೋದರೂ ಗೆದ್ದವನು ಭಾಮೈದನೇ ಆಗಿರುತ್ತಾನೆ. ಇಂಥ ಕ್ಷಣದಲ್ಲೂ ಹೊಟ್ಟೆಕಿಚ್ಚೇ ಎಂದು ಅವನು ತನ್ನನ್ನು ತಾನೇ ಬೈದುಕೊಂಡ. ಬೈದುಕೊಂಡ ಮಾತ್ರಕ್ಕೆ ಅದು ಹೋಗಲಿಲ್ಲ.

ಗಾಜಿನ ಬೀರುವಿನಲ್ಲಿ ಇನ್ನೊಂದಿತ್ತು. ಕಡುನೀಲಿ ಬಣ್ಣ, ತುಂಬಿದ ಮೈ, ರೆಕ್ಕೆಯ ಮೇಲೆ ಸಾಲಾಗಿ ಬರೆದ ರಿವೆಟ್ಟಿನ ಚುಕ್ಕೆಗಳು, ಗಾಜಿನ ಗುಳ್ಳೆಯೊಳಗೆ ಉಗುರಿನಷ್ಟು ದೊಡ್ಡ ಪೈಲಟ್ಟು. ಪೈಲಟ್ಟಿಗೆ ಬಾಯಿಯೂ ಇತ್ತು, ಒಂದು ಕೆಂಪು ಗೆರೆ.

“ಅದು?” ಎಂದ ಅವನು.

“ಅದು ಬೀರುವಿಗೆ. ಅದಕ್ಕೆ ಇದರ ಎರಡರಷ್ಟು ಎಂಜಿನ್ ಬೇಕು. ಈ ಎಂಜಿನ್ ಹಾಕಿದ್ರೆ ನೆಲ ಬಿಟ್ಟು ಏಳಲ್ಲ.”

“ಒಂದು ಚೂರೂ ಏಳಲ್ವಾ?”

“ಏಳಲ್ಲ ಅಂದ್ರೆ ಏಳಲ್ಲ. ಅದೇನು ಬೇಡಿಕೊಂಡ್ರೆ ಏಳತ್ತಾ?”

ಅವನು ಗಾಜಿನ ಹತ್ತಿರ ಬಗ್ಗಿದ. ಎಷ್ಟು ಚೆನ್ನಾಗಿದೆ, ಕೊನೆಯ ಸಲ ನೋಡುವವನು ಚೆಂದದ್ದನ್ನು ನೋಡಲಿ, ಪೆಟ್ಟಿಗೆಯ ಹಲಗೆಯನ್ನಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುವಾಗಲೇ ಗೊತ್ತಿತ್ತು, ಭಾಮೈದನಿಗೆ ಇದರ ನೀಲಿಯೂ ಕಾಣುವುದಿಲ್ಲ, ಪೈಲಟ್ಟೂ ಕಾಣುವುದಿಲ್ಲ. ಹಿಂದೊಮ್ಮೆ ಮನೆ ತುಂಬ ನೆಂಟರಿದ್ದಾಗ ಭಾಮೈದ ಅವನನ್ನು ಅಣಕಿಸಿ ತೋರಿಸಿದ್ದ. ಬಾಗಿಲು ತೆರೆದು, ಬಂದವರ ಮುಖ ನೋಡದೆ ಬಾಯಿ ನೋಡುವುದು, ನಕ್ಕವರ ಹಲ್ಲಿನ ಸಾಲನ್ನು ಕತ್ತು ವಾಲಿಸಿ ತೂಗುವುದು, ಮಾತಿಗೆ ಮುಂಚೆ ಕೆಳದವಡೆಯನ್ನು ಒಂದಿಷ್ಟು ಮುಂದೆ ತಳ್ಳುವುದು. ಮನೆಯೇ ಹಾರಿಹೋಗುವಷ್ಟು ನಗು. ಹೆಂಡತಿ ನಕ್ಕು ನಕ್ಕು ಗೋಡೆಗೆ ಒರಗಿ ಕಣ್ಣೊರೆಸಿಕೊಂಡಳು. ಮದುವೆಯಾದ ಮೇಲೆ ಅವಳು ಅಷ್ಟು ನಕ್ಕಿದ್ದನ್ನು ಅವನು ನೋಡಿಯೇ ಇರಲಿಲ್ಲ. ಅವನೂ ನಕ್ಕ, ಎಲ್ಲರೂ ನಿಲ್ಲಿಸಿದ ಮೇಲೂ ನಕ್ಕ. ಆಮೇಲೆ ಬಚ್ಚಲಿನ ಕನ್ನಡಿಯಲ್ಲಿ ನೋಡಿಕೊಂಡರೆ ದವಡೆ ನಿಜವಾಗಿಯೂ ಮುಂದೆ ಬಂದಿತ್ತು. ಇಷ್ಟು ಸಣ್ಣ ವಿಷಯವನ್ನು ಯಾರಾದರೂ ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆಯೇ? ಇಟ್ಟುಕೊಳ್ಳುತ್ತಾರೆ. ಸಣ್ಣದಾಗಿರುವುದರಿಂದಲೇ ಯಾರಿಗೂ ಹೇಳಲಾಗುವುದಿಲ್ಲ, ಹೇಳಲಾಗದ್ದರಿಂದ ಅದು ಒಳಗೇ ಉಳಿಯುತ್ತದೆ.

“ಇದನ್ನೇ ಕೊಡಿ,” ಎಂದ.

ಮುದುಕ ಅವನನ್ನು ನೋಡಿದ. ಅವನು ಮುದುಕನ ಬಾಯಿ ನೋಡಿದ. ಮೇಲಿನ ಸೆಟ್ಟು ಸಡಿಲವಾಗಿತ್ತು, ಮಾತಾಡುವಾಗ ಕೆಳಗಿಳಿಯುತ್ತಿತ್ತು. “ನಿಮ್ಮಿಷ್ಟ,” ಎಂದು ಮುದುಕ ನೀಲಿ ವಿಮಾನದ ಮೂತಿಗೆ ರಂಧ್ರ ಕೊರೆದು, ಒಲ್ಲದ ಮನಸ್ಸಿನಿಂದ ಎಂಜಿನ್ನನ್ನು ಅದಕ್ಕೆ ಬಿಗಿದ. ಆ ದೊಡ್ಡ ಮೂತಿಯಲ್ಲಿ ಎಂಜಿನ್ನು ಮಗುವಿನ ಹಲ್ಲಿನ ಹಾಗೆ ಕಾಣುತ್ತಿತ್ತು. “ನಾನು ಬೇಡ ಅಂದೆ ಅಂತ ಕ್ಯಾಪ್ಟನ್‌ಗೆ ಮರೀದೆ ಹೇಳಿ. ಇಲ್ಲಾಂದ್ರೆ ನನ್ನ ಬಗ್ಗೆ ಏನಂದ್ಕೊಳ್ತಾರೆ?”

ಹೇಳ್ತೀನಿ ಎಂದು ಪೆಟ್ಟಿಗೆ ಹೊತ್ತು ಮೆಟ್ಟಿಲಿಳಿದ.

ಕ್ಲಿನಿಕ್ಕಿನಲ್ಲಿ ಪೆಟ್ಟಿಗೆ ಇಡಲು ಜಾಗವಿರಲಿಲ್ಲ. ಗಾರೆಯ ದವಡೆಗಳನ್ನು ಶೆಲ್ಫಿನ ಒಂದು ಮೂಲೆಗೆ ಒತ್ತರಿಸಿ ಅಲ್ಲಿಟ್ಟ. ದಂತವೈದ್ಯೆ ಬಂದು, ಸೆಟ್ಟು ಹಾಕಿಸಿಕೊಂಡ ಹೆಂಗಸೊಬ್ಬರು ಬಲಗಡೆ ಎತ್ತರ ಅಂತಿದಾರೆ, ಒಂದು ಚೂರು ನೋಡಿ ಎಂದು ಸೆಟ್ಟನ್ನು ಕೈಗೆ ಕೊಟ್ಟಳು. ಅವನು ಉಜ್ಜಿದ, ಕಚ್ಚಿದಲ್ಲಿ ಗುರುತು ಬೀಳುವ ನೀಲಿ ಕಾಗದ ಇಟ್ಟು ಕಚ್ಚಿಸಿ ನೋಡಿದ, ಮತ್ತೆ ಉಜ್ಜಿದ. ಕುರ್ಚಿಯಲ್ಲಿದ್ದ ಹೆಂಗಸು ಬಾಯಿ ಮುಚ್ಚಿ, ಕಣ್ಣು ಮುಚ್ಚಿ, ಆಹಾ ಎಂದಳು. ಯಾರೋ ಅಪರಿಚಿತಳ ಬಾಯಿಗೆ ಇಷ್ಟು ನಿಷ್ಠೆ! ಅಂಗಡಿ ಸಂಜೆಯವರೆಗೆ ತೆರೆದಿರುತ್ತದೆ, ಹೋಗಿ ಬದಲಾಯಿಸಿ ತರಬಹುದು, ತಪ್ಪಾಯಿತು ಎಂದರೆ ಮುದುಕ ಸಂತೋಷವಾಗಿ ಬದಲಾಯಿಸಿಕೊಡುತ್ತಾನೆ ಎಂದುಕೊಳ್ಳುತ್ತಲೇ ಅವನು ಹೊಸ ಅಚ್ಚಿಗೆ ಗಾರೆ ಕಲಸಿದ. ಗಾರೆ ಬಟ್ಟಲಿನಲ್ಲಿ ಬೆಚ್ಚಗಾಗುತ್ತ ಗಟ್ಟಿಯಾಗುತ್ತಿತ್ತು. ಕಣ್ಣಿನ ವಿಷಯ ಯಾರಿಗೂ ತಿಳಿಯುವ ಮುಂಚೆ ಒಂದು ಬೆಳಿಗ್ಗೆ ಭಾಮೈದ ಪಕ್ಕದಲ್ಲೇ ಇದ್ದ ಲೋಟಕ್ಕೆ ಕೈ ಚಾಚಿ, ಲೋಟ ಬಿಟ್ಟು ಗಾಳಿಯನ್ನು ಹಿಡಿದಿದ್ದ. ಮೇಜಿನ ಆಚೆ ಕೂತು ಅದನ್ನು ನೋಡಿದವನು ಅವನೊಬ್ಬನೇ. ಆಮೇಲೆ ಬಾಗಿಲ ಚೌಕಟ್ಟಿಗೆ ಭುಜ ತಗುಲಿದ್ದು, ಮೆಟ್ಟಿಲ ಮೇಲೆ ಕಾಲು ತಡವರಿಸಿದ್ದು, ಒಂದೊಂದನ್ನೂ ನೋಡಿದ. ಅಳತೆ ಮನುಷ್ಯನಲ್ಲವೇ, ಕಣ್ಣಿಗೆ ಬೀಳದೆ ಇರುತ್ತದೆಯೇ? ಹೆಂಡತಿಗೆ ಹೇಳಲಿಲ್ಲ. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದು ತಳ್ಳುತ್ತ, ಭಾಮೈದ ಎಡವಿದಾಗಲೆಲ್ಲ ಒಳಗೊಳಗೇ ಒಂದು ತಣ್ಣಗಿನ ಸುಖ ಪಡುತ್ತ ದಿನ ನೂಕಿದ. ಕೊನೆಗೆ ಕಣ್ಣಿನ ಡಾಕ್ಟರು ಹಾಳೆಯಿಂದ ಮುಖವೆತ್ತಿ, “ಸ್ವಲ್ಪ ಮುಂಚೆ ಬಂದಿದ್ರೆ ಇದ್ದಷ್ಟನ್ನಾದ್ರೂ ಉಳಿಸಬಹುದಿತ್ತು, ಮನೇಲಿ ಯಾರೂ ಗಮನಿಸಲಿಲ್ವಾ?” ಎಂದಾಗ ಹೆಂಡತಿ ಎದೆ ಹಿಡಿದುಕೊಂಡು ಅತ್ತಳು. ನಾನು ಅಕ್ಕ ಆಗಿ ಏನು ಬಂತು ಎಂದು ಅತ್ತಳು. ಅವನು ಅವಳ ಬೆನ್ನು ಸವರಿದ. ಸವರಿದ ಕೈ ಇದೇ. ಗಾರೆ ಬಟ್ಟಲಿನಲ್ಲೇ ಕಲ್ಲಾಗಿತ್ತು, ಅದನ್ನು ಕಸಕ್ಕೆ ಕೆಡವಿ ಮತ್ತೆ ಕಲಸಿದ.

ಅಂಗಡಿಗೆ ಹೋಗಲಿಲ್ಲ. ತಪ್ಪು ಮಾಡಿದವನು ಅದನ್ನು ತೊಳೆದುಕೊಳ್ಳಲು ಕಾಯುತ್ತಿರುತ್ತಾನೆ ಎಂದು ನಾವು ಅಂದುಕೊಳ್ಳುತ್ತೇವೆ. ಅವನಿಗೆ ಹಾಗಾಗಲಿಲ್ಲ. ಯಾರಿಗೆ ಕೆಡುಕು ಮಾಡಿದ್ದಾನೋ ಅವರನ್ನು ಕಂಡರೇ ಅವನಿಗೆ ಸಿಟ್ಟು ಬರುತ್ತಿತ್ತು.

ಮನೆಯಲ್ಲಿ ಭಾಮೈದ ಸದ್ದಿಗೇ ಎದ್ದು ನಿಂತಿದ್ದ. “ತಂದ್ರಾ ಭಾವ?” ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆಗೆದು ಬೆರಳುಗಳನ್ನು ಒಳಗಿಳಿಸಿದ. ಪ್ರೊಪೆಲ್ಲರ್ ತಿರುಗಿಸುವಾಗ ಏಟು ತಿಂದು ತಿಂದು ಅವನ ತೋರುಬೆರಳಿನ ಉಗುರು ಸೊಟ್ಟಗೆ ಬೆಳೆದಿತ್ತು. ಆ ಬೆರಳು ರೆಕ್ಕೆಯ ಉದ್ದಕ್ಕೂ ಹರಿಯಿತು, ಗಾಜಿನ ಗುಳ್ಳೆಯ ಮೇಲೆ ಒಂದು ಗಳಿಗೆ ನಿಂತಿತು, ಬಾಲಕ್ಕೆ ಹೋಯಿತು. ಹೆಂಡತಿ, “ಅಯ್ಯೋ ಎಷ್ಟು ಚೆನ್ನಾಗಿದೆ ಕಣೋ, ನೀಲಿ ಬಣ್ಣ, ಒಳಗೊಬ್ಬ ಪೈಲಟ್ ಬೇರೆ ಕೂತಿದಾನೆ!” ಎಂದಳು. ಭಾಮೈದ ವಿಮಾನವನ್ನು ಎರಡೂ ಅಂಗೈ ಮೇಲೆ ಎತ್ತಿ ಹಿಡಿದ. ಹಿಡಿದೇ ಇದ್ದ.

“ಭಾರ ಇದೆ ಅಲ್ವಾ ಭಾವ?”

ಈಗ ಹೇಳಬಹುದಿತ್ತು. “ಅಂಗಡಿಯವನು ಇದೇ ಸರಿ ಅಂದ,” ಎಂದ.

ಭಾಮೈದ ಇನ್ನೊಂದು ಗಳಿಗೆ ಅದನ್ನು ತೂಗಿದ. “ಅವನು ಅಂದ್ರೆ ಮುಗೀತು. ಅವನ ಮುಂದೆ ನಾವೆಲ್ಲ ಏನು?” ಎಂದು ನಕ್ಕ. ಆಮೇಲೆ ಆ ಮನೆಯಲ್ಲಿ ಅಕ್ಕ ತಮ್ಮ ಇಬ್ಬರೂ ರಜೆಯ ತನಕ ಬೇರೆ ಮಾತೇ ಆಡಲಿಲ್ಲ. ಹೆಂಡತಿ ಅವನ ತಟ್ಟೆಗೆ ಕೇಳದೆಯೇ ಎರಡನೇ ಸಲ ಬಡಿಸಿದಳು. ಅವಳಿಗೆ ಗಂಡನ ಮೇಲೆ ಇಷ್ಟು ಪ್ರೀತಿ ಬಂದು ಎಷ್ಟು ಕಾಲವಾಗಿತ್ತೋ.

ಮುಚ್ಚಿದ ಗಿರಣಿಯ ಹಿಂದಿನ ಸಿಮೆಂಟು ಅಂಗಳಕ್ಕೆ ಮೂವರೂ ಹೋದಾಗ ಗಾಳಿ ಇರಲಿಲ್ಲ, ಬಿಸಿಲೂ ಇರಲಿಲ್ಲ. ಸಿಮೆಂಟಿನ ಬಿರುಕುಗಳಲ್ಲಿ ಹುಲ್ಲು ಹುಟ್ಟಿತ್ತು. ಭಾಮೈದ ನಡುವೆ ನಿಂತು ಹಿಡಿಯನ್ನು ಬಲಗೈಯಲ್ಲಿ ಹಿಡಿದ. ಅವನು ತಂತಿಯನ್ನು ಬಿಡಿಸುತ್ತ ಅಂಗಳದ ಅಂಚಿಗೆ ಹೋಗಿ ವಿಮಾನವನ್ನು ನೆಲಕ್ಕಿಟ್ಟು ಮಂಡಿಯೂರಿದ. ಎಂಜಿನ್ನು ಹೊತ್ತಿಸಲು ಭಾಮೈದನೇ ಬರಬೇಕಾಯಿತು. ಹಿಡಿಯನ್ನು ಅಕ್ಕನ ಕೈಗೆ ಕೊಟ್ಟು, ತಂತಿಯ ಜಾಡು ಹಿಡಿದು ನಡೆದು ಬಂದು, ಸೊಟ್ಟ ಉಗುರಿನ ಬೆರಳಿಂದ ಪ್ರೊಪೆಲ್ಲರನ್ನು ಮೀಟಿದ. ಅದು ಕಚ್ಚಿತು, ಮೀಟಿದ, ಕೆಮ್ಮಿತು, ಸ್ಕ್ರೂವನ್ನು ಒಂದಿಷ್ಟು ತಿರುಗಿಸಿ ಮತ್ತೆ ಮೀಟಿದ. ಎಂಜಿನ್ನು ಕಿರ್ರೆಂದು ಎದ್ದಿತು. ಹರಳೆಣ್ಣೆಯ ಸುಟ್ಟ ವಾಸನೆ, ಅದರ ಹಿಂದೆಯೇ ಇಂಧನದಲ್ಲಿ ಬೆರೆಸಿದ ಈಥರಿನ ಆಸ್ಪತ್ರೆ ವಾಸನೆ. ಭಾಮೈದನ ಮುಖ ಪೂರ್ತಿ ಬಿಚ್ಚಿಕೊಂಡಿತ್ತು. ಬಾಯಿ ತೆರೆದು, ಹಲ್ಲೆಲ್ಲ ಕಾಣುವಂತೆ, ಯಾರು ನೋಡುತ್ತಿದ್ದಾರೆ ಎಂಬ ಲಕ್ಷ್ಯವಿಲ್ಲದೆ ನಗುತ್ತಿದ್ದ. ಒಳ್ಳೆಯ ಹಲ್ಲುಗಳು, ಒಂದೂ ಹಾಳಾಗಿರಲಿಲ್ಲ. ಅವನಿಗೆ ಆ ಬಾಯಿಯನ್ನು ನೋಡಲಾಗಲಿಲ್ಲ. ಭಾಮೈದ ವಾಪಸು ನಡುವಿಗೆ ಹೋಗಿ, ಅಕ್ಕನನ್ನು ಆಚೆ ಕಳಿಸಿ, ಕೈ ಚಾಚಿ ಕೂಗಿದ. “ಬಿಡಿ ಭಾವ!”

ವಿಮಾನ ಅವನ ಬೆರಳುಗಳ ನಡುವೆ ನಡುಗುತ್ತ ಮುಂದಕ್ಕೆ ಜಗ್ಗುತ್ತಿತ್ತು. ಪಾಪ, ಅದಕ್ಕೆ ಇದ್ದಷ್ಟೂ ಶಕ್ತಿ ಅಷ್ಟೇ. ಬಿಡದೆ ಹಿಡಿದುಕೊಂಡು ನಿಂತರೆ ಇಂಧನ ಮುಗಿಯುತ್ತದೆ, ಏನೋ ಕೆಟ್ಟಿದೆ ಎಂದು ಮನೆಗೆ ಹೋಗಬಹುದು ಎಂದು ಹೊಳೆಯಿತು. “ಬಿಡಿ ಅಂದ್ನಲ್ಲಾ!” ಬಿಟ್ಟ.

ನೀಲಿ ವಿಮಾನ ಸಿಮೆಂಟಿನ ಮೇಲೆ ಓಡಿತು. ಕಾಲು ಸುತ್ತು ಓಡಿತು, ಅರ್ಧ ಸುತ್ತು ಓಡಿತು, ಹುಲ್ಲಿಗೆ ತಗುಲಿ ಕುಪ್ಪಳಿಸಿತು, ಮತ್ತೆ ಓಡಿತು. ಭಾಮೈದ ಅದರೊಂದಿಗೆ ತಿರುಗುತ್ತ ಮಣಿಕಟ್ಟನ್ನು ಮೆಲ್ಲಗೆ ಎತ್ತಿದ, ಇನ್ನೂ ಎತ್ತಿದ. ವಿಮಾನದ ಬಾಲದ ರೆಕ್ಕೆ ವಿಧೇಯವಾಗಿ ಮೇಲೆದ್ದಿತು, ಗಾಲಿಗಳು ನೆಲದಲ್ಲೇ ಇದ್ದವು.

“ಎದ್ತಾ ಭಾವ?”

ಹೆಂಡತಿ ಬಾಯಿ ತೆರೆದು ಗಂಡನ ಕಡೆ ನೋಡಿದಳು. ಎಂಜಿನ್ನು ಕಿರುಚುತ್ತ ಅವರಿಬ್ಬರ ನಡುವೆ ಹಾದುಹೋಯಿತು.

“ಎದ್ದಿದೆ!” ಎಂದು ಅವನು ಕೂಗಿದ. ಧ್ವನಿ ತನ್ನದಲ್ಲ ಅನ್ನಿಸಿತು.

“ಎಷ್ಟು ಎತ್ತರ?”

“ಸೊಂಟದಷ್ಟು! ಈಗ... ಈಗ ಭುಜದಷ್ಟು! ರೆಕ್ಕೆ ಒಂಚೂರೂ ಅಲ್ಲಾಡ್ತಿಲ್ಲ. ಗಿರಣಿ ಗೋಡೆ ಹತ್ರ ಬಂತು, ದಾಟ್ತು!” ಒಂದು ಸಲ ಶುರುವಾದ ಮೇಲೆ ಅದು ನಿಲ್ಲಲಿಲ್ಲ. ವಿಮಾನದ ನೀಲಿ ಹೊಟ್ಟೆ ಕೆಳಗಿನಿಂದ ಹೇಗೆ ಕಾಣುತ್ತಿದೆ, ಅದರ ನೆರಳು ನೆಲದ ಮೇಲೆ ಹೇಗೆ ಅದನ್ನು ಹಿಂಬಾಲಿಸುತ್ತಿದೆ, ಎಲ್ಲ ಹೇಳಿದ. ಬಿಸಿಲೇ ಇಲ್ಲದ ದಿನ ನೆರಳು! ಹೆಂಡತಿಯೂ ಎರಡು ಹೆಜ್ಜೆ ಮುಂದೆ ಬಂದು, ಅಳುತ್ತಲೇ, “ಎಷ್ಟು ಚೆನ್ನಾಗಿ ಹಾರ್ತಿದೆ ಕಣೋ!” ಎಂದು ಕೂಗಿ ಚಪ್ಪಾಳೆ ತಟ್ಟಿದಳು. ನಡುವೆ ಭಾಮೈದ ಕೈ ಎತ್ತಿ ಹಿಡಿದು ಸುತ್ತಿದ, ಸುತ್ತಿದ, ಟ್ಯಾಂಕಿನಲ್ಲಿ ಇಂಧನ ಇದ್ದಷ್ಟು ಹೊತ್ತೂ ಸುತ್ತಿದ. ಎಂಜಿನ್ನು ಒಂದು ಸಲ ಸೀನಿ ನಿಂತಿತು. ಆಮೇಲಿನ ಮೌನದಲ್ಲಿ ಗಾಲಿಗಳು ಉರುಳಿ ನಿಲ್ಲುವ ಸಣ್ಣ ಸದ್ದು ಮೂವರಿಗೂ ಕೇಳಿಸಿತು.

ಅವನು ಹೋಗಿ ವಿಮಾನದ ಪಕ್ಕ ಮಂಡಿಯೂರಿದ. ಭಾಮೈದ ತಂತಿಯನ್ನು ಕೈಯಲ್ಲಿ ಸರಿಸಿಕೊಳ್ಳುತ್ತ ಬಂದು ಎದುರಿಗೆ ಕೂತ. ಹೆಂಡತಿ ಇನ್ನೂ ಆಚೆ ಇದ್ದಳು, ಮುಖ ತೊಳೆದುಕೊಳ್ಳಲು ಚೀಲದಲ್ಲಿ ನೀರಿನ ಬಾಟಲಿ ಹುಡುಕುತ್ತಿದ್ದಳು.

“ಗಾಲಿ ನೆಲ ಬಿಡ್ಲೇ ಇಲ್ಲ ಭಾವ,” ಎಂದ ಭಾಮೈದ ಮೆಲ್ಲಗೆ. “ಸಿಮೆಂಟಿನ ಒಂದೊಂದು ಬಿರುಕೂ ತಂತೀಲಿ ಕೈಗೆ ಬರ್ತಿತ್ತು.”

ಅವನು ತಲೆ ತಗ್ಗಿಸಿದ. ತಗ್ಗಿಸಿದ್ದು ಭಾಮೈದನಿಗೆ ಕಾಣುವುದಿಲ್ಲ ಎಂದು ನೆನಪಾಗಿ ಇನ್ನೂ ಹೀನಾಯವೆನಿಸಿತು.

“ಅಂಗಡಿಯವನು ಇದನ್ನ ಸರಿ ಅಂದಿರಲ್ಲ. ನನ್ನ ಎಂಜಿನ್ನು ಅವನಿಗೆ ಗೊತ್ತು.”

“ಅಂದಿರಲಿಲ್ಲ,” ಎಂದ ಅವನು. “ಬೇಡ ಅಂದ. ಬೇರೆ ಕೊಟ್ಟಿದ್ದ, ಹಾರೋದು. ನಾನೇ ಬೇಕು ಅಂತ ಇದನ್ನ ತಂದೆ.”

ಭಾಮೈದ ಬೈಯಲಿ ಎಂದು ಕಾದ. ಕೆನ್ನೆಗೆ ಬಾರಿಸಿದರೂ ಸರಿ, ಬಾರಿಸಿದರೆ ಒಳ್ಳೆಯದೇ, ಲೆಕ್ಕ ಮುಗಿಯುತ್ತದೆ. ಭಾಮೈದ ಬಿಸಿಯಾದ ಎಂಜಿನ್ನಿನ ತಲೆಯ ಮೇಲೆ ಬೆರಳಿಟ್ಟು, ಸುಟ್ಟರೂ ತೆಗೆಯದೆ ಕೂತಿದ್ದ.

“ನಾಳೆಯೇ ಹೋಗಿ ಬದಲಾಯಿಸಿ ತರ್ತೀನಿ,” ಎಂದ ಅವನು. “ಇನ್ನೂ ಹೊತ್ತಿದೆ. ಅದು ಹಾರತ್ತೆ, ಕೈಯಲ್ಲಿ ಹಿಡಿದು ನೋಡಿದೀನಿ.”

“ಬೇಡ ಭಾವ. ಇದೇ ಸಾಕು ನನಗೆ.”

ಹೆಂಡತಿ ಬಂದಳು. ಬಂದವಳೇ ತಮ್ಮನ ಹಿಂದೆ ನಿಂತು ಗಂಡನ ಕೈಯನ್ನು ಎರಡೂ ಕೈಯಿಂದ ಹಿಡಿದು ಒತ್ತಿದಳು. ಒದ್ದೆ ಮುಖದಲ್ಲಿ ಅಷ್ಟೊಂದು ಕೃತಜ್ಞತೆ. ತುಟಿ ಮಾತ್ರ ಅಲ್ಲಾಡಿಸಿ, ಸದ್ದಿಲ್ಲದೆ, ನೀವು ಹಾಗೆ ಹೇಳಿದ್ದು ಎಷ್ಟು ಒಳ್ಳೇದಾಯ್ತು ಎಂದಳು. ಬಾಯಿ ನೋಡಿ ನೋಡಿ ಪಳಗಿದ ಅವನಿಗೆ ಒಂದಕ್ಷರವೂ ತಪ್ಪದೆ ತಿಳಿಯಿತು.

“ಅಕ್ಕಾ,” ಎಂದ ಭಾಮೈದ. ಈಗ ಅವನ ಧ್ವನಿ ಎತ್ತರದಲ್ಲಿತ್ತು, ಯಾವಾಗಿನ ಹಾಗೆ ನಗುತ್ತಿತ್ತು. “ಮುಂದಿನ ವಾರಾನೂ ಬರೋಣ. ಪ್ರತಿ ವಾರ ಬರೋಣ, ಇದೇ ವಿಮಾನ ತಗೊಂಡು. ಕಣ್ಣು ಪೂರ್ತಿ ಹೋದ್ರೂ ಬರೋಣ. ಭಾವ ಎಷ್ಟು ಚೆನ್ನಾಗಿ ಹೇಳ್ತಾರೆ ಗೊತ್ತಾ, ಎಲ್ಲಾ ಕಣ್ಣಿಗೆ ಕಟ್ಟಿದ ಹಾಗಾಯ್ತು.”

“ಬರೋಣ ಕಣೋ, ಅದಕ್ಕೇನಂತೆ,” ಎಂದಳು ಹೆಂಡತಿ. “ಅಲ್ವೇನ್ರೀ?”

ಅವನು ತಂತಿಯನ್ನು ರಾಟೆಗೆ ಸುತ್ತುತ್ತಿದ್ದ. ಸುತ್ತು ತಪ್ಪಿತು, ಬಿಚ್ಚಿ ಮತ್ತೆ ಸುತ್ತಿದ.

“ಹೂಂ, ಬರೋಣ,” ಎಂದ.